ನಾನು ಕುಂಬಳಕಾಯಿಗೆ ಎರೆದದ್ದು

ಇಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ. ರಂಗೋಲಿಯನ್ನು ನಮ್ಮವರಿಗೆ ಬಿಟ್ಟೆ. ಅವರು ಎಳೆದ ಕಮಲದ ಹೂ ಬದನೆಕಾಯಿಯಂತೆ ಕಂಡಿತು, ಇರಲಿ. ಹಾಲು ಕಾಯಲು ಇಟ್ಟು, ಅಡುಗೆಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿದೆ, ಇಳಿಸಿದೆ, ಎತ್ತಿದೆ, ಇಳಿಸಿದೆ. ಅಷ್ಟರಲ್ಲಿ ಹಾಲು ಉಕ್ಕಿತು, ಕಟ್ಟೆ ಒರೆಸಿದೆ. ಸ್ನಾನ, ಪೂಜೆ ಮುಗಿಸಿ ನಮ್ಮವರ ಡಬ್ಬಿ ಕಟ್ಟಿದೆ. ಅನಗೋಳದ ನಮ್ಮ ಓಣಿಯ ತುದಿಯವರೆಗೆ ನಡೆದುಹೋಗಿ ಬಂದೆ. ಕುರ್ಚಿಯ ಮೇಲೆ ಕುಳಿತು ಮೆಂತ್ಯಪಲ್ಲೆ ಸೋಸಿದೆ. ಬಿಸಿಲಲ್ಲಿ ಹಪ್ಪಳದ ಜೊತೆ ನಾನೂ ಸ್ವಲ್ಪ ಹೊತ್ತು ಒಣಗಿದೆ. ನಡುವೆ ಬೆನ್ನು ನೊಂದಾಗ ಮೊಣಕಾಲ ಕೆಳಗೆ ದಿಂಬಿಟ್ಟು ಅಂಗಾತ ಮಲಗಿದೆ. ಎದ್ದು ಚಹಾ ಮಾಡಿದೆ.

ಇದರಲ್ಲೇನು ದೊಡ್ಡಸ್ತಿಕೆ ಎಂದು ಕೇಳಬಹುದು. ಹೋದ ಪಂಚಮಿಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ನನ್ನ ಶರೀರದ ಬಗ್ಗೆ ನನಗೆ ಸಂಪೂರ್ಣ ಭರವಸೆ ಇತ್ತು. ತುಂಬಿದ ಕೊಡ ಎತ್ತಿದವಳು, ರೊಟ್ಟಿ ಬಡಿದವಳು, ಮದುವೆಮನೆಗಳಲ್ಲಿ ಹೋಳಿಗೆ ಮಾಡುವ ಹೆಂಗಸರಿಗೇ ಮೇಸ್ತ್ರಿಯಾಗಿ ನಿಂತವಳು ನಾನು. ಪಂಚಮಿಯ ಹಿಂದಿನ ದಿನ, ಉಂಡಿ ಕಟ್ಟುವ ಗಡಿಬಿಡಿಯಲ್ಲಿ, ಕಟ್ಟೆಯ ಕೆಳಗಿದ್ದ ಜೋಳದ ಚೀಲವನ್ನು ಬಗ್ಗಿ ಜಗ್ಗಿದೆ. ಚೀಲ ಅಲುಗಲಿಲ್ಲ. ಬೆನ್ನಿನೊಳಗೆ ಯಾರೋ ಹಪ್ಪಳ ಮುರಿದ ಹಾಗಾಯಿತು!

ಡಾಕ್ಟರು ಬೆನ್ನಿನ ಎಕ್ಸ್‌ರೇ ಫೋಟೋ ತೆಗೆಸಿದರು, ಎಲುಬಿನ ಗಟ್ಟಿತನ ಅಳೆಯುವ ಇನ್ನೊಂದು ಪರೀಕ್ಷೆ ಮಾಡಿಸಿದರು. ಆಮೇಲೆ ಹೇಳಿದರು: “ಬೆನ್ನಿನ ಒಂದು ಮಣಿ ಸ್ವಲ್ಪ ಕುಸದೈತ್ರಿ. ಎಲುಬು ಟೊಳ್ಳಾಗ್ಯಾವ. ಇದಕ್ಕ ಆಸ್ಟಿಯೋಪೊರೋಸಿಸ್ ಅಂತಾರ. ಮುಟ್ಟು ನಿಂತ ಮ್ಯಾಲ ಭಾಳ ಹೆಣ್ಣಮಕ್ಕಳಿಗೆ ಬರ್ತೈತಿ. ಅಂಜಬ್ಯಾಡ್ರಿ, ಔಷಧ ಐತಿ, ವ್ಯಾಯಾಮ ಐತಿ.”

ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ನಮ್ಮವರು ಅದನ್ನು ಅನುವಾದ ಮಾಡಿ ಮುಗಿಸಿದ್ದರು.

“ಅಂದ್ರ ನಿನ್ನ ಎಲುಬು ಖಾರಿ ಬಿಸ್ಕಿಟ್ ಆಗ್ಯಾವ. ಇನ್ನ ಮುಂದ ಚಹಾದ ಬಾಜು ನಿಂದರಬ್ಯಾಡ.”

ನಗಿಸಿದರು ನಿಜ, ಆದರೆ ಮನೆಗೆ ಬಂದ ಮೇಲೆ ನನ್ನನ್ನು ಗಾಜಿನ ಗೊಂಬೆಯೆಂದು ಘೋಷಿಸಿಬಿಟ್ಟರು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಹಾಸಿಗೆ ಹಿಡಿದು ಮಲಗಿದರೆ ಎಲುಬು ಇನ್ನಷ್ಟು ಸೊರಗುತ್ತವೆ, ನೋವು ತಗ್ಗಿದಂತೆ ಎದ್ದು ಓಡಾಡಬೇಕು. ನಮ್ಮವರ ಕಿವಿಗೆ ಬಿದ್ದದ್ದು ‘ಜೋಪಾನ’ ಎಂಬ ಒಂದೇ ಶಬ್ದ. ನಾನು ಲೋಟ ಎತ್ತಿದರೆ ಅವರು ಓಡಿಬಂದು ಲೋಟ ಕಸಿಯುತ್ತಿದ್ದರು. ಬಾಜುಮನೆಯ ಸುರೇಖಾ ವೈನಿಯಂತೂ ನನ್ನ ಕೈಯೊಳಗಿನ ಕರಿಬೇವಿನ ಎಸಳನ್ನು ಕಿತ್ತುಕೊಂಡು “ಭಾರ ಎತ್ತಬ್ಯಾಡ್ರಿ ವೈನಿ!” ಎಂದರು.

ವ್ಯಾಯಾಮ ಕಲಿಯಲು ಡಾಕ್ಟರು ನನ್ನನ್ನು ಫಿಸಿಯೋಥೆರಪಿ ಡಾಕ್ಟರರ ಬಳಿ ಕಳಿಸಿದರು. ನನ್ನ ಮಗಳ ವಯಸ್ಸಿನ ಹುಡುಗಿ. ಅವರು ಕಲಿಸಿದ್ದೇನು? ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಲ್ಲುವುದು. ಗೋಡೆಯನ್ನು ಎರಡೂ ಕೈಯಿಂದ ನೂಕುವುದು. ಕೈ ಊರದೆ ಕುರ್ಚಿಯಿಂದ ಏಳುವುದು, ನಿಧಾನವಾಗಿ ಕೂರುವುದು. ಕೂರುವುದು! ಜೀವಮಾನವೆಲ್ಲ ಕೂರಲು ಪುರುಸೊತ್ತಿಲ್ಲದ ಹೆಂಗಸಿಗೆ ಕೂರಲು ಕಲಿಸುತ್ತಾರಂತೆ! ‘ಮುಂದಕ್ಕೆ ಬಗ್ಗಬೇಡಿ, ಸೊಂಟ ತಿರುಚಬೇಡಿ, ಏನಾದರೂ ತೆಗೆದುಕೊಳ್ಳುವುದಿದ್ದರೆ ಬೆನ್ನು ನೆಟ್ಟಗಿಟ್ಟು ಮೊಣಕಾಲು ಮಡಚಿ’ ಎಂದರು. ನಾನು ಹೂಂ ಎಂದೆ. ಮನೆಗೆ ಬಂದು ಒಂದೆರಡು ದಿನ ಗೋಡೆ ನೂಕಿದೆ. ಗೋಡೆ ಸರಿಯಲಿಲ್ಲ. ನಾನೂ ಬಿಟ್ಟೆ.

ಹೀಗಿರುವಾಗ ದೀಪಾವಳಿ ಬಂತು. ದೀಪಾವಳಿಯ ಜೊತೆಗೆ ಖಾನಾಪುರದಿಂದ ಬೀಗತಿ ಮಹಾದೇವಿ ಬಂದರು.

ನನಗಿರುವುದು ಒಬ್ಬಳೇ ಮಗಳು, ಅಶ್ವಿನಿ. ಖಾನಾಪುರಕ್ಕೆ ಕೊಟ್ಟಿದ್ದೇವೆ. ಆಗ ಅವಳು ಬಸುರಿ, ನಾಲ್ಕು ತಿಂಗಳು ತುಂಬಿತ್ತು. ಬೀಗತಿ ಕರ್ಚಿಕಾಯಿಯ ಡಬ್ಬಿಯನ್ನು ನನ್ನ ಕೈಗೆ ಕೊಡದೆ, ನೇರವಾಗಿ ಕಟ್ಟೆಯ ಮೇಲಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಹಳ ಪ್ರೀತಿಯಿಂದ ಹೇಳಿದರು:

“ಬೀಗತ್ಯಾರ, ನಿಮಗ ಬೆನ್ನಿನ ತ್ರಾಸ. ಅಶ್ವಿನಿ ಬಾಣಂತನ ನಮ್ಮಲ್ಲೇ ಆಗಲಿ. ನೀವು ಕೂಸಿನ್ನ ನೋಡಾಕ ಆರಾಮ ಬರ್ರಿ, ಕುರ್ಚಿ ಹಾಕಸ್ತೀನಿ.”

ಕುರ್ಚಿ ಹಾಕಿಸುತ್ತಾರಂತೆ! ಚೊಚ್ಚಲ ಬಾಣಂತನ ತವರುಮನೆಯದು. ನಮ್ಮ ಕಡೆ ಇದು ಕಾಯ್ದೆಗಿಂತ ಮೇಲಿನ ಮಾತು. ಕಾಯ್ದೆಗೆ ತಿದ್ದುಪಡಿಯಾದರೂ ಇದೆ. ನಾನು “ಅದಕ್ಕೇನ್ರಿ, ನೋಡೂಣು” ಎಂದು ನಕ್ಕೆ. ಆದರೆ ಮಗಳಿಗೆ ಅಳವಿ ಬೀಜದ ಪಾಯಸ ಮಾಡಿ ಕೊಡುವುದು, ಅವಳ ಬೆನ್ನಿಗೆ ಬಿಸಿನೀರು ಹಾಕುವುದು, ಅವಳ ಕೂಸನ್ನು ನನ್ನ ಮಡಿಲಲ್ಲಿ ಹಾಕಿಕೊಳ್ಳುವುದು ಇದೆಲ್ಲ ನನ್ನ ಪಾಲಿಗೆ ಇಲ್ಲವೆಂದಾದರೆ ಇನ್ನು ಯಾತಕ್ಕೆ ಈ ಮಾತ್ರೆ, ಈ ಗೋಡೆ ನೂಕಾಟ?

ಬೀಗತಿ ಹೋದ ಮೇಲೆ ನಮ್ಮವರು ಸಮಾಧಾನ ಹೇಳಿದರು. “ಅಕಿ ಹೇಳಿದ್ದ ಖರೇ ಐತಿ. ಉಳದದ್ದೆಲ್ಲಾ ಮಾಡಬಹುದು, ಕೂಸಿಗೆ ಎರಿಯೂದು ಹೆಂಗ ಮಾಡ್ತಿ?”

ಅಲ್ಲಿಯೇ ಇತ್ತು ತೊಡಕು. ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವುದು. ಹೀಗೆ ಎರೆಯಲು ಬಾರದವಳನ್ನು ಯಾರೂ ಅಜ್ಜಿ ಎನ್ನುವುದಿಲ್ಲ. ‘ನೋಡಲಿಕ್ಕೆ ಬಂದವರು’ ಎನ್ನುತ್ತಾರೆ.

ಅಂದು ನಾನು ಆಳವಾಗಿ ಆಲೋಚಿಸಿದೆ. ಪರೀಕ್ಷೆ ಇರುವುದು ಎರೆಯುವುದರಲ್ಲಿ. ಹಾಗಿದ್ದಮೇಲೆ ಹಿಮ್ಮಡಿ ಎತ್ತಿ ಏನು ಪ್ರಯೋಜನ? ಈಜು ಕಲಿಯುವವನು ಬಾವಿಗೆ ಇಳಿಯಬೇಕು. ಆದ್ದರಿಂದ ದಿನವೂ ಎರೆಯುವುದನ್ನೇ ವ್ಯಾಯಾಮವಾಗಿ ಸ್ವೀಕರಿಸಲು ನಿರ್ಧರಿಸಿದೆ. ಸಕಲ ಸಿದ್ಧತೆಯೂ ಇತ್ತು. ಬಚ್ಚಲಿತ್ತು, ಮಣೆಯಿತ್ತು, ಎಣ್ಣೆಯಿತ್ತು. ಕೊರತೆಯೆಂದರೆ ಕೂಸಿನದು.

ಮರುದಿನ ಪೀರನವಾಡಿಯಿಂದ ತರಕಾರಿ ಗಾಡಿ ತರುವ ಯಲ್ಲವ್ವನನ್ನು ನಿಲ್ಲಿಸಿ, ಗಾಡಿಯ ಮೇಲಿನ ಕುಂಬಳಕಾಯಿಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಿದೆ.

“ಪಲ್ಯಾಕ ಬೇಕೇನ್ರಿ ಅಕ್ಕಾರ, ಕಡಬಿಗೆ ಬೇಕೇನು?” ಎಂದಳು.

“ಎರಡಕ್ಕೂ ಅಲ್ಲವ್ವ. ಹುಟ್ಟಿದ ಕೂಸಿನಷ್ಟು ತೂಕ ಇರಬೇಕು ನೋಡು. ಸ್ವಲ್ಪ ಉದ್ದಕಿರಲಿ.”

ಯಲ್ಲವ್ವ ನನ್ನನ್ನೂ ಕುಂಬಳಕಾಯಿಯನ್ನೂ ನೋಡಿದಳು. ಒಂದನ್ನು ಆರಿಸಿ ಕೊಟ್ಟಳು. ಗಾಡಿಯನ್ನು ಸ್ವಲ್ಪ ಬೇಗ ನೂಕಿಕೊಂಡು ಹೋದಳು.

ನಮ್ಮವರು ಸಹಕಾರಿ ಸಂಘದ ಕೆಲಸಕ್ಕೆ ಹೋದ ಕೂಡಲೆ ತರಬೇತಿ ಆರಂಭವಾಯಿತು. ಯಾರಾದರೂ ನೋಡಿ ನಕ್ಕಾರೆಂದು ಬಚ್ಚಲ ಬಾಗಿಲಿನ ಚಿಲಕ ಹಾಕಿಕೊಂಡೆ. ಗೋಡೆ ಹಿಡಿದು, ಉಸಿರು ಬಿಗಿಹಿಡಿದು ಮಣೆಯ ಮೇಲೆ ಕುಳಿತೆ. ಕಾಲು ನೀಡಿದೆ. ಟವೆಲಿನಲ್ಲಿ ಸುತ್ತಿದ್ದ ಕುಂಬಳಕಾಯಿಯನ್ನು ಬಿಚ್ಚಿ ಕಾಲ ಮೇಲೆ ಮಲಗಿಸಿದೆ. ಇಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತ. ಆಮೇಲೆ ಅದಕ್ಕೆ ಎಣ್ಣೆ ಹಚ್ಚಿದೆ.

ಎಣ್ಣೆ ಹಚ್ಚಿದ ಕುಂಬಳಕಾಯಿಯ ಸ್ವಭಾವ ನನಗೆ ತಿಳಿದಿರಲಿಲ್ಲ. ಮೊದಲ ತಂಬಿಗೆ ನೀರು ಬಿದ್ದದ್ದೇ ತಡ, ಅದು ನನ್ನ ಕಾಲಗುಂಟ ಜಾರಿ, ಪಾದ ದಾಟಿ, ಮೋರಿಯ ಕಡೆ ಉರುಳಿತು!

“ಅಯ್ಯೋ ನನ್ನ ಕೂಸು!” ಎಂದು ಚೀರಿ ಮುಂದಕ್ಕೆ ಬಗ್ಗಿದೆ. ಬಗ್ಗಿದ್ದಷ್ಟೇ ಅಲ್ಲ, ಸೊಂಟವನ್ನೂ ತಿರುಚಿದೆ. ಯಾವ ಎರಡು ಕೆಲಸ ಮಾಡಬೇಡಿ ಎಂದಿದ್ದರೋ ಆ ಎರಡನ್ನೂ ಒಂದೇ ಏಟಿಗೆ ಪೂರೈಸಿದೆ! ಬೆನ್ನು ಚಳಕ್ ಎಂದಿತು. ಕಣ್ಣ ಮುಂದೆ ಹಗಲಲ್ಲೇ ದೀಪಾವಳಿ. ಮುಂದೆ ಹೋಗಲಾರೆ, ಹಿಂದೆ ಬರಲಾರೆ, ಏಳುವ ಮಾತಂತೂ ಇಲ್ಲ.

ಬಚ್ಚಲ ಕಿಟಕಿಯ ಆಚೆಗೆ ಸುರೇಖಾ ವೈನಿ ಬಟ್ಟೆ ಒಣಹಾಕುತ್ತಿದ್ದರು. ಓಡಿಬಂದರು.

“ವೈನಿ! ಯಾರ ಕೂಸ್ರಿ? ನಿಮ್ಮ ಬಚ್ಚಲದಾಗ ಯಾರ ಕೂಸೈತಿ?”

“ಕೂಸಲ್ರಿ ವೈನಿ… ಕುಂಬಳಕಾಯಿ.”

ಕಿಟಕಿಯ ಆಚೆ ಒದ್ದೆ ಬಟ್ಟೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು.

“ಕುಂಬಳಕಾಯಿ ಏನ್ ಮಾಡಾಕ ಹತ್ತೈತಿ?”

“ಜಳಕ.”

“ಅಗ ಬಾಯಿ! ವೈನಿ, ತಲಿಗೇನರ ಪೆಟ್ಟಾಗೇತೇನು?”

ಅವರು ನಮ್ಮವರಿಗೆ ಫೋನ್ ಮಾಡಿದರು. ಏನೆಂದು ಹೇಳಿದರೋ, ನಮ್ಮವರು ಸ್ಕೂಟರನ್ನು ಓಣಿಯಲ್ಲಿ ಅಡ್ಡ ನಿಲ್ಲಿಸಿ ಓಡುತ್ತ ಬಂದರು.

“ಬಾಗಲಾ ತಗಿ!”

“ತಗ್ಯಾಕ ಬರ್ತಿದ್ರ ಇಲ್ಲಿ ಯಾಕ ಕುಂದರ್ತಿದ್ನಿರೀ?”

ಕೊನೆಗೆ ಕೈಗೆಟಕುವ ಕಸಬರಿಗೆಯ ಹಿಡಿಯಿಂದ ಚಿಲಕವನ್ನು ತಟ್ಟಿ ತಟ್ಟಿ ಸರಿಸಿದೆ. ಬಾಗಿಲು ತೆರೆಯಿತು. ನಮ್ಮವರು ಒಳಗಿನ ದೃಶ್ಯ ನೋಡಿದರು. ನೆಲದ ತುಂಬ ಎಣ್ಣೆ, ಮೋರಿಯಲ್ಲಿ ಕುಂಬಳಕಾಯಿ, ನಡುವೆ ಧರ್ಮಪತ್ನಿ. ಅವರ ಮುಖ ಬಿಳುಚಿಕೊಂಡಿತ್ತು. ಮೊದಲು ಟವೆಲು ಹಾಸಿದರು. ಅವರೂ ವೈನಿಯೂ ಸ್ಟೂಲು ತಂದಿಟ್ಟು, ಬಹಳ ಮೆತ್ತಗೆ ನನ್ನನ್ನು ಎಬ್ಬಿಸಿ ಹಾಸಿಗೆಯವರೆಗೆ ನಡೆಸಿದರು. ದಿಂಬು ಸರಿ ಮಾಡಿ, ನನ್ನ ಹಣೆಯ ಮೇಲಿನ ಎಣ್ಣೆ ಒರೆಸಿ, ನಾನು ಉಸಿರಾಡುತ್ತಿದ್ದೇನೆಂದು ಖಾತ್ರಿಯಾದ ಮೇಲೆಯೇ ಕೇಳಿದರು:

“ಹೆಸರು ಏನರ ಇಟ್ಟೀಯೇನು ಅದಕ್ಕ?”

ಸಂಜೆಯ ಹೊತ್ತಿಗೆ ಸುದ್ದಿ ಅನಗೋಳ ದಾಟಿತ್ತು. ಮರುದಿನ ಯಲ್ಲವ್ವ ಗಾಡಿ ನಿಲ್ಲಿಸಿ, ಕಿಟಕಿಯಿಂದಲೇ “ಕೂಸು ಆರಾಮ ಐತ್ರಿ ಅಕ್ಕಾರ?” ಎಂದು ವಿಚಾರಿಸಿಕೊಂಡು ಹೋದಳು.

ಪುಣ್ಯಕ್ಕೆ ಹೊಸದೇನೂ ಮುರಿದಿರಲಿಲ್ಲ. ಡಾಕ್ಟರು ನೋವಿನ ಮಾತ್ರೆಯನ್ನು ಹೇಳಿದಷ್ಟೇ ತೆಗೆದುಕೊಳ್ಳಿ ಎಂದು ಕಣ್ಣು ದೊಡ್ಡದು ಮಾಡಿ ಹೇಳಿ, ಮತ್ತೆ ಫಿಸಿಯೋ ಮೇಡಂ ಕಡೆಗೇ ಅಟ್ಟಿದರು. ಆಕೆ ಕಥೆ ಪೂರ್ತಿ ಕೇಳಿ, ಮುಖ ಆಚೆ ತಿರುಗಿಸಿ, ಭುಜ ಅಲುಗಿಸಿದರು. ಕೆಮ್ಮು ಬಂತೆಂದರು. ನನಗೆ ಗೊತ್ತು ಅದು ಎಂಥ ಕೆಮ್ಮು!

“ಕೂಸಿಗೆ ಮೇಜಿನ ಮ್ಯಾಲ ಟಬ್ಬಿಟ್ಟು ಎರೀಬಹುದಲ್ರಿ? ನಿಂತಕೊಂಡ, ಬೆನ್ನು ನೆಟ್ಟಗಿಟಕೊಂಡ?” ಎಂದರು.

“ಅದು ಹೆಂಗಾಗ್ತೈತ್ರಿ ಮೇಡಂ! ಕಾಲ ಮ್ಯಾಲ ಹಾಕ್ಕೊಂಡು ಎರದ್ರನ ಕೂಸಿನ ಎಲುಬು ಗಟ್ಟಿ ಆಗೂದು.”

“ನಿಮಗ ಸಣ್ಣವರಿದ್ದಾಗ ಹೆಂಗ ಎರದಿದ್ರು?”

“ನಮ್ಮವ್ವ ಕಾಲ ಮ್ಯಾಲನ ಎರದಿದ್ಳು.”

“ಹೌದ್ರಿ?” ಎಂದು ಅವರು ನನ್ನ ಎಲುಬಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡತೊಡಗಿದರು.  

ಅಂದಿನಿಂದ ನಾನು ವಿಧೇಯ ವಿದ್ಯಾರ್ಥಿನಿ. ನೋವಿದ್ದಾಗ ಬಿಸಿನೀರಿನ ಚೀಲ, ಸ್ವಲ್ಪ ಹೊತ್ತು ಅಂಗಾತ ಮಲಗುವುದು, ಮತ್ತೆ ಏಳುವುದು. ಇಡೀ ದಿನದ ಕೆಲಸವನ್ನು ಒಂದೇ ಉಸಿರಿಗೆ ಮುಗಿಸದೆ ತುಂಡು ಮಾಡಿಕೊಳ್ಳುವುದು. ಬಚ್ಚಲಿಗೆ ಜಾರದ ಚಾಪೆ, ಗೋಡೆಗೆ ಹಿಡಿಕೆ. ಊಟದಲ್ಲಿ ಹಿಂಡಿ ಎನ್ನುವ ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪು, ಮೊಸರು. ಕುರ್ಚಿಯಲ್ಲಿ ಕೂರುವುದು, ಏಳುವುದು, ಮತ್ತೆ ಕೂರುವುದು. ನೆಲದಿಂದ ಏಳುವುದಕ್ಕೂ ಒಂದು ಕ್ರಮ ಕಲಿಸಿದರು: ಮಗ್ಗುಲಾಗು, ಅಂಬೆಗಾಲಿಗೆ ಬಾ, ಅಲುಗಾಡದ ವಸ್ತು ಹಿಡಿ, ಒಂದು ಪಾದ ಮುಂದಿಡು, ಏಳು. ‘ಅಲುಗಾಡದ ವಸ್ತು’ ಎಂಬುದನ್ನು ಅವರು ಎರಡು ಸಲ ಹೇಳಿದ್ದರು. ಇದು ಮುಂದೆ ಮಹತ್ವದ ಮಾತಾಗಲಿದೆ.

ಸಂಕ್ರಾಂತಿಯ ಹೊತ್ತಿಗೆ ನಾನು ಕೈ ಊರದೆ ಏಳುತ್ತಿದ್ದೆ. ಓಣಿಯ ತುದಿಯವರೆಗಿನ ದಾರಿ ಚಿಕ್ಕದಾಗಿತ್ತು. ನೋವು ಹೋಗಿರಲಿಲ್ಲ, ಆದರೆ ಮನೆಯ ಯಜಮಾನಿಕೆ ಬಿಟ್ಟುಕೊಟ್ಟು, ಮೂಲೆಯ ಬಾಡಿಗೆದಾರಳಂತೆ ಇರತೊಡಗಿತ್ತು. ಹಿಮ್ಮಡಿ ಎತ್ತುವ ಕ್ಷುಲ್ಲಕ ವ್ಯಾಯಾಮಕ್ಕೆ ಇಷ್ಟು ಶಕ್ತಿಯೇ ಎಂದು ಆಶ್ಚರ್ಯವಾಯಿತು. ಆಶ್ಚರ್ಯದ ಬೆನ್ನಿಗೇ ಅಹಂಕಾರ ಬಂತು.

ಏಕೆಂದರೆ ಅಶ್ವಿನಿಯ ಕುಬುಸ ನಿಶ್ಚಯವಾಗಿತ್ತು. ಏಳನೆಯ ತಿಂಗಳಲ್ಲಿ ತವರಿನವರು ಸೀರೆ, ಬಳೆ, ಬುತ್ತಿ ಹೊತ್ತು ಹೋಗಿ ಮಗಳ ಉಡಿ ತುಂಬುವ ಕಾರ್ಯ. ಬೀಗರ ನೆಂಟರೆಲ್ಲ ಸೇರುವ ಕಡೆ ನನ್ನ ಹೊಸ ಬೆನ್ನನ್ನು ಪ್ರದರ್ಶಿಸಿದರೆ, ಬಾಣಂತನ ತಾನಾಗಿಯೇ ಅನಗೋಳಕ್ಕೆ ಬರುತ್ತದೆ!

“ಅಲ್ಲಿ ಹೋಗಿ ಸರ್ಕಸ್ ಮಾಡಬ್ಯಾಡ,” ಎಂದರು ನಮ್ಮವರು, ಬುತ್ತಿಯ ಬುಟ್ಟಿಗಳನ್ನು ಗಾಡಿಗೆ ಏರಿಸುತ್ತ. “ಸುಮ್ಮ ಕುರ್ಚಿ ಮ್ಯಾಲ ಕುಂದರು.”

“ಕುರ್ಚಿ ಮಾತು ತಗೀಬ್ಯಾಡ್ರಿ!” ಎಂದೆ.

ಖಾನಾಪುರದ ಬೀಗರ ಪಡಸಾಲೆ ತುಂಬಿತ್ತು. ಕನ್ನಡ, ಮರಾಠಿ ಎರಡರಲ್ಲೂ ಏಕಕಾಲಕ್ಕೆ ಹರಟೆ ನಡೆದಿತ್ತು. ಹಸಿರು ಸೀರೆ, ಹಸಿರು ಬಳೆಯಲ್ಲಿ ಅಶ್ವಿನಿ ಅಲಂಕರಿಸಿದ ಕುರ್ಚಿಯಲ್ಲಿ ಕುಳಿತಿದ್ದಳು. ನಮ್ಮ ಬುತ್ತಿಯನ್ನು ಗೋಡೆಯ ಬದಿಗೆ ಸಾಲಾಗಿ ಇಟ್ಟಿದ್ದರು: ಮೊಸರನ್ನ, ಕರಿಗಡಬು, ಸಜ್ಜೆರೊಟ್ಟಿ, ಎಲ್ಲಕ್ಕಿಂತ ಮುಂದೆ ಬಿಳಿ ಬಟ್ಟೆ ಹೊದಿಸಿದ ಹೂರಣದ ಹೋಳಿಗೆಯ ಅಗಲ ಬುಟ್ಟಿ.

ನಾನು ಮುಂದೆ ಬಂದು, ಒಂದು ಕಾಲು ಮುಂದಿಟ್ಟು, ಬೆನ್ನು ಗೌಂಡಿಯ ತೂಗುಗುಂಡಿನ ದಾರದಷ್ಟು ನೆಟ್ಟಗಿಟ್ಟು, ಮೊಣಕಾಲು ಮಡಚಿ ಉಡಿ ತುಂಬಿದೆ. ಹೆಂಗಸರು ಪಿಸುಗುಟ್ಟಿದರು. “ಬೆನ್ನು ಆರಾಮ ಆಗೇತಿ ಕಾಣಸ್ತದ!” ಬೀಗತಿ ಮಹಾದೇವಿಯ ಹುಬ್ಬು ಮೇಲೇರಿತು. ನನ್ನ ಎದೆ ಉಬ್ಬಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಬೀಗತಿಯ ಅತ್ತೆಯನ್ನು ಮನೆಯವರೆಲ್ಲ ಆಯಿ ಎನ್ನುತ್ತಾರೆ. ಬೆನ್ನು ಬಿಲ್ಲಾಗಿ ಬಾಗಿದ ಹಣ್ಣುಮುದುಕಿ. ಬುತ್ತಿಯ ಸಾಲಿನ ಎದುರು ಚಾಪೆಯ ಮೇಲೆ ಕುಳಿತಿದ್ದರು. “ನಿಂತಲ್ಲಿಂದನ ಕೈ ಮುಗಿ ಯವ್ವಾ, ಸಾಕು,” ಎಂದರು. ನಾನು ಕೇಳಲಿಲ್ಲ. ಒಂದು ಮೊಣಕಾಲೂರಿ, ರಾಣಿಯಂತೆ ಇಳಿದು, ಅವರ ಪಾದ ಮುಟ್ಟಿದೆ. ಈಗ ಏಳಬೇಕು. ಬಾಜುವಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕಂಡಿತು. ಹಿಡಿದೆ. ಮೇಲೆದ್ದೆ. ಅರ್ಧ.

ನುಣುಪು ಫರಸಿ ನೆಲದ ಮೇಲೆ ಕುರ್ಚಿ ಸುಯ್ ಎಂದು ಹೊರಟುಹೋಯಿತು!

ನಾನು ಬೀಳಲಿಲ್ಲ. ಇದನ್ನು ದಯವಿಟ್ಟು ಗಮನಿಸಬೇಕು. ಮನೆಯಲ್ಲಿ ಕುರ್ಚಿಯ ಮುಂದೆ ಕುಳಿತೆದ್ದು ಗಟ್ಟಿಯಾಗಿದ್ದ ತೊಡೆಗಳು ನನ್ನನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿದವು. ಆದರೆ ಬಹಳ ಹೊತ್ತು ಹಿಡಿಯಲು ಅವಕ್ಕೂ ಆಗಲಿಲ್ಲ. ನಾನು ಮೆಲ್ಲಗೆ, ಅತ್ಯಂತ ಮೆಲ್ಲಗೆ, ಮೇಡಂ ಕಲಿಸಿದ ಹಾಗೆಯೇ ಬೆನ್ನು ನೆಟ್ಟಗಿಟ್ಟು ಹಿಂದಕ್ಕೆ ಇಳಿಯತೊಡಗಿದೆ. ಇಡೀ ಪಡಸಾಲೆ ನೋಡುತ್ತಿತ್ತು. ಎಲ್ಲಿ ಇಳಿಯುತ್ತಿದ್ದೇನೆಂದು ನನ್ನ ಹೊರತು ಎಲ್ಲರಿಗೂ ಗೊತ್ತಿತ್ತು.

“ಮಮ್ಮೀ, ಹೋಳಿಗಿ!” ಎಂದಳು ಅಶ್ವಿನಿ.

ತಡವಾಗಿತ್ತು. ಬೆಚ್ಚಗೆ ಇತ್ತು. ಮೆತ್ತಗೂ ಇತ್ತು. ಅಷ್ಟು ಕ್ರಮಬದ್ಧವಾಗಿ ಹೋಳಿಗೆಯ ಮೇಲೆ ಕುಳಿತವರು ಖಾನಾಪುರ ತಾಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ!

ಎಲುಬು ಉಳಿದವು. ಮಾನ ಉಳಿಯಲಿಲ್ಲ. ಬಾಣಂತನವೂ ಹೋಯಿತೆಂದು ನನಗೆ ಖಚಿತವಾಯಿತು. ಕಣ್ಣು ತುಂಬಿ ಬಂತು. ಯಾರೂ ನಗಲಿಲ್ಲ, ಅದೇ ಇನ್ನೂ ಕೆಟ್ಟದ್ದು.

ಬೀಗತಿ ಮಹಾದೇವಿ ಓಡಿಬಂದರು. “ಕೈ ಕೊಡ್ರಿ ಬೀಗತ್ಯಾರ!” ಎಂದು ಬಗ್ಗಿ, ನನ್ನ ಎರಡೂ ರಟ್ಟೆ ಹಿಡಿದು ಜಗ್ಗಿದರು. ಜಗ್ಗಿದವರು ಹಾಗೆಯೇ ನಿಂತರು. ಬಗ್ಗಿದ ಸೊಂಟ ಮೇಲೇಳಲಿಲ್ಲ.

“ಯವ್ವಾ… ನನ್ನ ಬೆನ್ನು!”

ಆ ದನಿ ನನಗೆ ಚೆನ್ನಾಗಿ ಗೊತ್ತು. ಬಚ್ಚಲಲ್ಲಿ ನಾನು ಕೇಳಿದ ನನ್ನದೇ ದನಿ ಅದು. ನನ್ನ ನಾಚಿಕೆ ಎಲ್ಲಿ ಹೋಯಿತೋ!

“ಯಾರೂ ಜಗ್ಗಬ್ಯಾಡ್ರಿ!” ಎಂದು ಕೂಗಿದೆ. ಮಗ್ಗುಲಾದೆ. ಅಂಬೆಗಾಲಿಗೆ ಬಂದೆ. ರೇಷ್ಮೆಸೀರೆಯ ಹಿಂಭಾಗಕ್ಕೆ ಹೂರಣ ಮೆತ್ತಿಕೊಂಡೇ ಆಯಿಯ ಸಾಗುವಾನಿ ಮಂಚದವರೆಗೆ ಹರಿದುಹೋದೆ. ಆ ಮಂಚ ಅಲುಗಾಡುವ ಜಾತಿಯದಲ್ಲ. ಹಿಡಿದೆ, ಪಾದ ಮುಂದಿಟ್ಟೆ, ಎದ್ದೆ. ಯಾರ ಕೈಯನ್ನೂ ಹಿಡಿಯದೆ ಎದ್ದೆ!

ಬೀಗತಿಯನ್ನು ಅದೇ ಮಂಚದ ಮೇಲೆ ಮಗ್ಗುಲಾಗಿ ಇಳಿಸಿ, ಅಂಗಾತ ಮಲಗಿಸಿ, ಮೊಣಕಾಲ ಕೆಳಗೆ ದಿಂಬಿಟ್ಟೆ. ಬಿಸಿನೀರಿನ ಚೀಲ ತರಿಸಿದೆ. ಸ್ವಲ್ಪ ಹೊತ್ತಿಗೆ ಅವರ ಮುಖದ ಗಂಟು ಬಿಚ್ಚಿತು. ನನ್ನ ಕೈ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು:

“ಭಾಳ ದಿವಸದಿಂದ ಹಿಂಗನ ಆಗತೈತ್ರಿ. ಯಾರ ಮುಂದನೂ ಹೇಳಿಲ್ಲ. ನಿಮಗ ಆಗೂದಿಲ್ಲಂದ್ರ ನಾ ಮಾಡಬೇಕಲ್ಲಾ ಅಂತ ಒಪ್ಪಕೊಂಡೆ. ಖರೇ ಹೇಳ್ತೀನಿ, ಕೂಸಿಗೆ ಹೆಂಗ ಎರೀಲಿ ಅನ್ನೂ ಚಿಂತ್ಯಾಗ ನನಗ ನಿದ್ದಿ ಇಲ್ಲ.”

“ನೀವು ನನ್ನ ಬಾಣಂತನಾ ಕಸಗೊಂಡ್ರಿ ಅಂತ ನಾನೂ ನಿದ್ದಿ ಮಾಡಿಲ್ರಿ!” ಎಂದೆ.

ಅಶ್ವಿನಿ ಅಲಂಕಾರದ ಕುರ್ಚಿಯಿಂದಲೇ ಬಳೆ ಗಲಗಲಿಸಿ ಕೂಗಿದಳು. “ನಿಮ್ಮಿಬ್ಬರ ನಡುವ ನನ್ನ ಯಾರರ ಕೇಳೀರೇನು? ಕೂಸು ನಂದು! ಮೇಜಿನ ಮ್ಯಾಲ ಟಬ್ಬಿಟ್ಟು ನಾನೂ ಅವರೂ ಎರೀತೀವಿ. ನೀವು ಬಾಜು ನಿಂತು ನೀರು ಬಿಸಿ ಐತೇನು ನೋಡ್ರಿ, ಸಾಕು.”

‘ಅವರು’ ಎಂದರೆ ನಮ್ಮ ಅಳಿಯ. ಅವನು ಬಾಗಿಲಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸಿದ. ಹೆಂಗಸರ ಗುಂಪಿನಲ್ಲಿ ‘ಗಂಡಸು ಎರಿಯೂದಾ!’ ಎಂಬ ಉದ್ಗಾರ ಎದ್ದಿತು. ಆಗ ಆಯಿ ಕೈ ಎತ್ತಿದರು. 

“ನನ್ನ ಬೆನ್ನು ನೋಡ್ರಿ,” ಎಂದರು ಆಯಿ. “ಹಿಂಗ ಬಾಗಿದಾಗ ಎಲ್ಲಾರೂ ವಯಸ್ಸು ಅಂದ್ರು. ನಾನೂ ವಯಸ್ಸು ಅಂದೆ. ಇದಕ್ಕ ಒಂದು ಹೆಸರೈತಿ, ಔಷಧ ಐತಿ, ಎಬ್ಬಿಸಿ ನಿಂದ್ರಸೂ ವಿದ್ಯಾ ಐತಿ ಅಂತ ನನಗ ಯಾರೂ ಹೇಳಲಿಲ್ಲ. ಇಕಿ ಈಗ ಹರಕೊಂಡು ಹೋಗಿ ಎದ್ದ ನಿಂತಿದ್ದು ನಾ ನೋಡೇನಿ. ಹುಡುಗಿ ಅನಗೋಳಕ್ಕ ಹೋಗಲಿ. ಚೊಚ್ಚಲ ಅಲ್ಲೇ ಆಗಬೇಕು. ಮಾದೇವಿ, ನೀನೂ ಹೋಗಿ ಆ ಎಲುಬಿನ ಪರೀಕ್ಷಾ ಮಾಡಿಸ್ಕೊ.”

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಸೆರಗಿಗೂ ಹೂರಣ ಹತ್ತಿತ್ತು, ಮುಖ ಸಿಹಿಯಾಯಿತು.

ಆಯಿ ಬುಟ್ಟಿಯ ತಳದಿಂದ ಒಂದು ಹೋಳಿಗೆ ಎತ್ತಿ ಬೆಳಕಿಗೆ ಹಿಡಿದರು. “ಮೊದಲ ದಪ್ಪ ಇದ್ದುವೇನೋ. ಈಗ ಬರೋಬ್ಬರಿ ಆಗ್ಯಾವ,” ಎಂದರು. ಆಗ ಶುರುವಾದ ನಗೆ ಹತ್ತಿರದ ರೈಲ್ವೆ ನಿಲ್ದಾಣಕ್ಕೂ ಕೇಳಿಸಿರಬೇಕು.

ಹೀಗೆ ಅಶ್ವಿನಿ ಅನಗೋಳಕ್ಕೆ ಬಂದಿದ್ದಾಳೆ. ದಿನ ಹತ್ತಿರವಾಗಿವೆ. ಬೀಗತಿಗೂ ಎಲುಬು ತೆಳುವಾಗತೊಡಗಿವೆಯಂತೆ. ಇನ್ನೂ ಏನೂ ಮುರಿದಿಲ್ಲ, ಬೇಗ ಗೊತ್ತಾಯಿತು ಎಂದರು ಡಾಕ್ಟರು. ಇಂದು ಮಧ್ಯಾಹ್ನ ಅವರು ಫಿಸಿಯೋ ಮೇಡಂ ಬಳಿ ಹೋಗಿ, ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಇಬ್ಬರೂ ಅಡುಗೆಕಟ್ಟೆ ಹಿಡಿದು ಸಾಲಾಗಿ ನಿಂತು ಹಿಮ್ಮಡಿ ಎತ್ತಿದೆವು.

“ಇದರಿಂದ ಏನಾಗ್ತೈತ್ರಿ ಬೀಗತ್ಯಾರ? ಸಾಲಿ ಹುಡುಗರಿಗೆ ಶಿಕ್ಷಾ ಕೊಟ್ಟಂಗ ಆತು,” ಎಂದರು ಅವರು.

“ಸುಮ್ಮ ಎತ್ರಿ,” ಎಂದೆ, ಗುರುವಿನ ಗತ್ತಿನಲ್ಲಿ. “ಮೊದಲ ಮೊದಲ ಎಲ್ಲಾರೂ ಹಿಂಗ ಅಂತಾರ.”

ಸಂಜೆಯ ಬಸ್ಸಿಗೆ ಅವರು ಖಾನಾಪುರಕ್ಕೆ ಹೋದರು. ರಾತ್ರಿಗೆ ಬಿಸಿ ಜೋಳದ ರೊಟ್ಟಿ, ಮೆಂತ್ಯಪಲ್ಲೆ, ಎಳ್ಳಿನ ಹಿಂಡಿ, ಕೆನೆಮೊಸರು. ರೊಟ್ಟಿಯನ್ನು ನಾನೇ ಬಡಿದೆ, ನಿಂತು. ನಮ್ಮವರು ಬೇಯಿಸಿದರು, ಒಂದೆರಡು ಸುಟ್ಟರು. ಊಟವಾದ ಮೇಲೆ ಮಗಳ ಕಾಲು ಬಾತಿರುವುದನ್ನು ನೋಡಿ, “ಬಾ, ಕಾಲು ನೀವಿ ಮಲಗಸ್ತೀನಿ. ಬಾಣಂತನ ಮಾಡೂದಂದ್ರೇನು ಅಂತ ನಿಮ್ಮಪ್ಪಗೂ ತೋರಸ್ತೀನಿ,” ಎಂದು ಅವಳ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತೆ. ಒಂದು ಕಾಲು ನೀವಿದ ನೆನಪಿದೆ.

ಎಚ್ಚರವಾದಾಗ ನನ್ನ ಮೊಣಕಾಲ ಕೆಳಗೆ ದಿಂಬಿತ್ತು, ಬೆನ್ನ ಕೆಳಗೆ ಬಿಸಿನೀರಿನ ಚೀಲವಿತ್ತು, ಮೈಮೇಲೆ ಕೌದಿ ಇತ್ತು. ತುಂಬಿದ ಬಸುರಿ ಬದಿಯಲ್ಲಿ ಕುಳಿತು ನನ್ನ ಕಾಲು ನೀವುತ್ತಿದ್ದಳು.

“ಯಾರು ಮೊದಲ ಮಲಗಿದ್ರು?” ಎಂದು ನಮ್ಮವರು ಬಾಗಿಲಿಂದ ಕೇಳಿದರು.

“ಬಾಣಂತನ ಮಾಡಾವರು,” ಎಂದಳು ಅಶ್ವಿನಿ.